ದೀಪದ ಸುತ್ತಲಿನ ಬಳೆ

ಪೂಜ್ಯ ಗುರುಗಳಿಗೆ ಶರಣು.

ಪೂಜೆಗೆ ಕೂತಾಗ ದೀಪದ ಸುತ್ತ ಕಾಣುತ್ತಿದ್ದ ಬಣ್ಣದ ಬಳೆಯನ್ನು ಶಿವಕಳೆ ಎಂದು ಮಠದ ಸಭೆಯಲ್ಲಿ ಅಳುತ್ತ ಹೇಳಿದ್ದೆ. ತಾವು ಶಾಲು ಹೊದಿಸಿದ್ದಿರಿ.

ಮೊನ್ನೆ ತಿಪಟೂರಿನಲ್ಲಿ ಬಲಗಣ್ಣಿನ ಪೊರೆ ತೆಗೆಸಿದೆ. ಆ ಕಣ್ಣಿಗೆ ಈಗ ಬತ್ತಿ ಉರಿಯುವುದಷ್ಟೇ ಕಾಣುತ್ತದೆ. ಪೊರೆ ಬಂದ ಎಷ್ಟೋ ಜನಕ್ಕೆ ಅಂಥ ಬಳೆ ಕಾಣುತ್ತದೆಯಂತೆ.

ನನ್ನ ಕೊಬ್ಬರಿ ಮಂಡಿಗೆ ಬರುವ ರೈತರು ಇನ್ನೂ, “ಬೆಳಕು ಕಂಡೋರು ಕಣ್ರೀ” ಎಂದು ಕಾಲಿಗೆ ಬೀಳುತ್ತಾರೆ. ನಾಚಿಕೆಯಾಗಿ ಈಚೆಗೆ ಮಂಡಿಗೂ ಹೋಗದೆ ಮನೆಯಲ್ಲೇ ಉಳಿದಿದ್ದೇನೆ. ದಯವಿಟ್ಟು ಈ ಸಲದ ಸಭೆಯಲ್ಲಿ ನನ್ನನ್ನು ವೇದಿಕೆಗೆ ಕರೆಯಬೇಡಿ.

“ಇನ್ನೊಂದ್ ಕಣ್ಣಿಂದೂ ತೆಗೆಸ್ಕಂಡ್ ಬುಡಪ್ಪ” ಎನ್ನುತ್ತಾಳೆ ಮಗಳು. ಏನೇನೋ ನೆಪ ಹೇಳಿ ಮುಂದೂಡುತ್ತಿದ್ದೇನೆ.

ಈಗಲೂ ಪೂಜೆಗೆ ಕೂತಾಗ ಬಲಗಣ್ಣು ಮುಚ್ಚಿಕೊಳ್ಳುತ್ತೇನೆ, ಗುರುಗಳೇ.

ತಮ್ಮ ಪಾದಸೇವಕ,
ತೋಂಟದಾರ್ಯ