ಮಾವನ ಎಂಜಿನ್ ಇನ್ನು ನಿನ್ನ ಪಾಲಿಗೆ

ತಂಗೀ,

ನಾನು ತವರಿಗೆ ಹೋಗಿ ನಮ್ಮಮ್ಮನ ಕಣ್ಣಿನ ಆಪರೇಷನ್ ಮುಗಿಸಿ ಬರೋವರೆಗೂ ಭಾನುವಾರ ಎಂಜಿನ್ ತಿರುಗಿಸೋ ಕೆಲಸ ನಿನ್ನ ತಲೆಗೆ.

ಕಾರು ಗುಜರಿಗೆ ಹೋದರೂ ಮಾವನಿಗೆ ಎಂಜಿನ್ ಮೇಲಿನ ಆಸೆ ಹೋಗಿಲ್ಲ, ಬಿಚ್ಚಿಸಿ ಶೆಡ್ಡಲ್ಲಿ ಇಟ್ಟುಕೊಂಡಿದ್ದಾರೆ. ಪ್ಲಗ್ ತೂತಿಗೆ ಎಣ್ಣೆ ಬಿಡು, ಮುಂದಿನ ದೊಡ್ಡ ನಟ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸು, ಇಲಿ ಸೇರದ ಹಾಗೆ ತೂತಿಗೆಲ್ಲ ಬಟ್ಟೆ ತುರುಕು. ತುಕ್ಕು ಹಿಡಿದು ಕಚ್ಚಿಕೊಳ್ಳಬಾರದು ಅಂತ ಅವರು ಹೇಳಿಕೊಟ್ಟಿದ್ದು ಇದು.

ನಿಜ ಹೇಳ್ತೀನಿ ಕೇಳು. ಅದು ಒಳಗೆ ಕಚ್ಚಿಕೊಂಡು ಯಾವ ಕಾಲವಾಯ್ತೋ, ಜಪ್ಪಯ್ಯ ಅಂದರೂ ತಿರುಗಲ್ಲ.

ಆದರೂ ಶೆಡ್ಡಿಗೆ ಹೋಗು, ಒಳಗಿಂದ ಚಿಲಕ ಹಾಕ್ಕೋ. ಮಡಿಸುವ ಕುರ್ಚಿ ಎಂಜಿನ್ ಹಿಂದಿದೆ. ಸುಮ್ಮನೆ ಕೂತ್ಕೋ, ಆಗಾಗ ಸ್ಪ್ಯಾನರ್ ಕುಟ್ಟು. ಆ ಸದ್ದು ಕೇಳ್ತಿದ್ದರೆ 'ಚಿಕ್ಕ ಸೊಸೆ ಎಲ್ಲಿ' ಅಂತ ಯಾರೂ ಕೂಗಲ್ಲ.

ಬಾಯಿ ಬಿಟ್ಟೀಯ, ಜೋಕೆ! ಎಂಜಿನ್ ಹೋದರೆ ಈ ಮನೇಲಿ ನಮಗೆ ಚಿಲಕ ಹಾಕಿಕೊಳ್ಳೋಕೆ ಒಂದು ಬಾಗಿಲೂ ಇರಲ್ಲ.

ಅಕ್ಕ