ಅವಳ ಬಾಯಲ್ಲಿ ನನ್ನ ಉತ್ತರ

ಮಾರ್ಚ್ 3, ಬೆಳಿಗ್ಗೆ

ಎಂದಿನಂತೆ ಎಲ್ಲರಿಗಿಂತ ಮೊದಲು ಹೋಟೆಲಿಗೆ ಬಂದೆ. ಬಾಯ್ಲರ್ ನೋಡಿದೆ, ಬೆಡ್‌ಶೀಟ್ ಎಣಿಸಿದೆ. ಲಿಫ್ಟ್ ಮತ್ತೆ ಮುನಿಸಿಕೊಂಡಿದೆ. ಹಳೆ ಮ್ಯಾನೇಜರ್ ಬಿಟ್ಟುಹೋದಾಗಿನಿಂದ ಸೂಪರ್‌ವೈಸರ್ ಆಗಿದ್ದ ನಾನೇ ‘ಇನ್‌ಚಾರ್ಜ್’. ಕೆಲಸ ಪೂರ್ತಿ, ಕುರ್ಚಿ ಮಾತ್ರ ಇಲ್ಲ. ಇವತ್ತು ನೋಟಿಸ್ ಹಾಕಿದ್ದಾರೆ — ಮ್ಯಾನೇಜರ್ ಹುದ್ದೆಗೆ ಇಂಟರ್‌ವ್ಯೂ, ಎಂಬಿಎ ಆದವರಿಗೆ ಆದ್ಯತೆ. ಆದ್ಯತೆ ತಾನೇ, ಕಡ್ಡಾಯ ಅಲ್ಲವಲ್ಲ. ಈ ಕಟ್ಟಡದ ನಲ್ಲಿ ನಲ್ಲಿಗೂ ನನ್ನ ಪರಿಚಯವಿದೆ. ಇನ್ಯಾರಿಗೆ ಕೊಡುತ್ತಾರೆ?

ಮಾರ್ಚ್ 5

ನಮ್ಮ ಹೋಟೆಲಿನ ರಿಸೆಪ್ಷನ್‌ನಲ್ಲೇ ಕೂರುವ ನನ್ನ ಹೆಂಡತಿಯಿಂದಲೂ ಅರ್ಜಿ ಹಾಕಿಸಿದೆ. ಕರೆಸ್ಪಾಂಡೆನ್ಸ್‌ನಲ್ಲಿ ಎಂಬಿಎ ಮುಗಿಸಿದ್ದಾಳೆ. ಅವಳು ಓದುವಾಗ ಅಡುಗೆಮನೆ ನನ್ನದಾಗಿತ್ತು.

“ನೀವು ಹಾಕಿರೋ ಕಡೆ ನಾನ್ಯಾಕೆ ರೀ?” ಅಂದಳು.

“ಪ್ರಾಕ್ಟೀಸ್‌ಗೆ ಕಣೇ. ಮುಂದೆ ಬೇರೆ ಕಡೆ ಹೋದಾಗ ಕೈಕಾಲು ನಡುಗಬಾರದು.”

ಅಮ್ಮ ಒಳಗಿನಿಂದಲೇ ಕೂಗಿದಳು: “ನೋಡ್ಕೊಳ್ಳೋ, ಗುರುವಿಗೇ ತಿರುಮಂತ್ರ ಹಾಕಿಬಿಟ್ಟಾಳು!”

ಮೂವರೂ ನಕ್ಕೆವು.

ಮಾರ್ಚ್ 9, ಸಂಜೆ

ಊಟದ ಮೇಜೇ ಇಂಟರ್‌ವ್ಯೂ ಕೋಣೆ. ನಾನು ಯಜಮಾನ, ಅವಳು ಕ್ಯಾಂಡಿಡೇಟ್. “ಹೋಟೆಲ್ ಫುಲ್ ಇದೆ. ಬೆಳಿಗ್ಗೆ ಬಾಯ್ಲರ್ ಕೆಟ್ಟೋಯ್ತು. ಏನ್ಮಾಡ್ತೀರಾ?” ಪುಸ್ತಕದ ಉತ್ತರ ಶುರು ಮಾಡಿದಳು. ತಡೆದೆ. ಹಿಂದೊಮ್ಮೆ ಹಾಗಾದಾಗ ನಾನು ಮಾಡಿದ್ದನ್ನೇ ಹೇಳಿಕೊಟ್ಟೆ. ರಿಪೇರಿಯವನಿಗೆ ಫೋನ್ ಮಾಡಿ, ಕೂಡಲೇ ಕೋಣೆ ಕೋಣೆಗೆ ಹೋಗು. ಬಿಸಿನೀರು ತಡ ಅಂತ ನೀನೇ ಹೇಳು.

“ಅವರು ಬಾಗಿಲು ತೆಗೆದು ಬೈಯೋ ಮೊದಲು ನಾವೇ ಬಾಗಿಲು ತಟ್ಟಿರಬೇಕು. ತಿಳೀತಾ?”

ತಲೆದೂಗಿದಳು. ಜಾಣೆ, ಒಂದೇ ಸಲಕ್ಕೆ ಹಿಡಿದುಕೊಳ್ಳುತ್ತಾಳೆ.

ಮಾರ್ಚ್ 14

ಇಬ್ಬರದೂ ಮುಗಿಯಿತು. ನನ್ನನ್ನು ಬಾಯ್ಲರ್ ಬಗ್ಗೆ ಕೇಳಲೇ ಇಲ್ಲ. ಎಲ್ಲಿಯವರೆಗೆ ಓದಿದ್ದೀಯ ಅಂದರು. ಹೇಳಿದೆ. ಟೀ ಕುಡಿಸಿ ಕಳಿಸಿದರು.

ಮಾರ್ಚ್ 20

ಅವಳಿಗೆ ಸಿಕ್ಕಿತು.

ಯಜಮಾನರು ನನ್ನನ್ನು ಒಳಗೆ ಕರೆದು ಕೂರಿಸಿದರು. “ಬೇಜಾರು ಮಾಡ್ಕೋಬೇಡಪ್ಪಾ. ಡಿಗ್ರಿ ಇರೋರು ಬೇಕಾದಷ್ಟು ಜನ ಬಂದಿದ್ರು, ಬರೀ ಪುಸ್ತಕ. ಬಾಯ್ಲರ್ ಪ್ರಶ್ನೆಗೆ ನಿನ್ನ ಹೆಂಡ್ತಿ ಏನು ಉತ್ತರ ಕೊಟ್ಟಳು ಗೊತ್ತಾ? ಆ ಬಾಗಿಲು ತಟ್ಟೋ ಮಾತು! ಓದಿನ ಜೊತೆ ಅಷ್ಟು ಅನುಭವ... ಎಲ್ಲಿ ಕಲಿತಳೋ!”

“ಜಾಣೆ ಸಾರ್” ಅಂದೆ. ಇನ್ನೇನು ಹೇಳಲಿ? ಆ ಮಾತು ನನ್ನದು ಅಂದರೆ ಅವಳು ಕದ್ದ ಹಾಗಾಗುತ್ತದೆ. ಕದ್ದಿಲ್ಲ. ನಾನೇ ಕೊಟ್ಟದ್ದು.

ಮನೆಯಲ್ಲಿ ಅತ್ತಳು. “ಬೇಡ ಅಂದ್ಬಿಡ್ತೀನಿ ರೀ.”

“ಹುಚ್ಚಿ, ತಗೋ” ಅಂದೆ. ಮನಸ್ಸಿನಿಂದಲೇ ಅಂದೆ. ಹೊಟ್ಟೆಕಿಚ್ಚೂ ಇತ್ತು.

ಏಪ್ರಿಲ್ 2

ಎಲ್ಲರ ಎದುರು ‘ಮೇಡಂ’ ಅಂತ ಕರೆದೆ. ಫೈಲಿನಿಂದ ತಲೆ ಎತ್ತಲಿಲ್ಲ ಅವಳು. ಮನೆಯಲ್ಲಿ ಹೋಟೆಲಿನ ಮಾತೇ ನಿಂತುಹೋಗಿದೆ. ಮೊದಲು ಚಿಕ್ಕದಕ್ಕೂ “ರೀ, ಇದೇನ್ಮಾಡ್ಲಿ?” ಅನ್ನುತ್ತಿದ್ದವಳು. ಈಗ ಲಿಫ್ಟ್ ಕೆಟ್ಟರೆ ಎಲೆಕ್ಟ್ರಿಷಿಯನ್‌ನನ್ನು ಕೇಳುತ್ತಾಳೆ. ನನಗೆ ನೋವಾಗದಿರಲಿ ಅಂತ ಇರಬೇಕು. ಅದೇ ನೋಯುತ್ತದೆ.

ಏಪ್ರಿಲ್ 27

ಮ್ಯಾನೇಜರ್ ಆದ ಹೆಂಡತಿಯ ಕೈಕೆಳಗೆ ಗಂಡ ಕೆಲಸ ಮಾಡುವಂತಿಲ್ಲವಂತೆ. ಕಂಪನಿ ರೂಲ್. ನನ್ನನ್ನು ಇನ್ನೊಂದು ಬ್ರಾಂಚಿಗೆ ಹಾಕಿದ್ದಾರೆ — ಹಗಲಿಡೀ ರೈಲು. ವಾರಕ್ಕೊಮ್ಮೆ ಬಂದುಹೋಗುವ ದೂರವಲ್ಲ. ಆರ್ಡರನ್ನು ಗುಮಾಸ್ತ ತಂದುಕೊಟ್ಟ. ಕೆಳಗೆ ಅವಳ ಸಹಿ, ಹೋದ ವಾರದ ತಾರೀಖು.

“ಹೋದ ವಾರವೇ ಗೊತ್ತಿತ್ತಾ?”

“ಹೂಂ.”

“ಒಂದ್ ಮಾತು ಮೊದ್ಲೇ ಹೇಳ್ಬಾರ್ದಿತ್ತಾ?”

ಅಡುಗೆಮನೆಗೆ ಹೋಗಿಬಿಟ್ಟಳು. ಸಹಿ ಹಾಕಲೇಬೇಕಿತ್ತು, ಒಪ್ಪುತ್ತೇನೆ. ಆದರೆ ಗುಮಾಸ್ತನ ಕೈಯಿಂದ... ನಾನು ಕಲಿಸಿದ್ದು ಇದಲ್ಲವಲ್ಲ.

ಅಮ್ಮ ಈಗ ತಿರುಮಂತ್ರದ ತಮಾಷೆ ಆಡುವುದಿಲ್ಲ.

ಮೇ 1, ಸಂಜೆ

ಸೂಟ್‌ಕೇಸ್ ತುಂಬಿಸಿದೆ. ನಾಳೆ ಬೆಳಿಗ್ಗೆ ರೈಲು. ಮೂರು ದಿನದಿಂದ ನಾವಿಬ್ಬರೂ ಮಾತಾಡಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ.

ಹೊರಗೆ ಹೆಜ್ಜೆ ಸದ್ದು. ಅವಳೇ. ಬಾಗಿಲ ತನಕ ಬಂದು ನಿಂತಿದ್ದಾಳೆ... ಬಹಳ ಹೊತ್ತಾಯಿತು. ಬಳೆ ಸದ್ದಾಯಿತು, ಕೈ ಎತ್ತಿದಳೇನೋ. ಎದ್ದು ನಾನೇ ತೆಗೆಯಬಹುದು. ತೆಗೆಯಲಾರೆ, ಇಷ್ಟಾದರೂ ಅವಳಿಂದ ಆಗಬೇಕು.

ಹೆಜ್ಜೆ ತಿರುಗಿತು. ಇಲ್ಲ — ನಿಂತಿತು.

ಬೈಯುವುದಿಲ್ಲ ಕಣೇ. ತಟ್ಟು. ಒಂದೇ ಒಂದು ಸಲ