ಬಸಲಿಂಗವ್ವನ ಎಡಗೈ

ಇಳಕಲ್ಲ
ಗುರುವಾರ, ೨೨ ಆಗಸ್ಟ್ ೨೦೨೪

ನಲವತ್ತು ವರ್ಷದ ಗೆಳತಿ ಬಸಲಿಂಗವ್ವನಿಗೆ, ಹಿಂದಿನ ಓಣಿಯ ಸಲೋಮಿ ತಲೆ ತಗ್ಗಿಸಿ ಮಾಡುವ ನಮಸ್ಕಾರ.

ಕೂಗಿದರೆ ಕೇಳುವಷ್ಟು ದೂರದಲ್ಲಿರುವವಳಿಗೆ ಪತ್ರ ಬರೆಯುವ ಹುಚ್ಚು ನೋಡು ಎಂದು ನಗಬೇಡ. ಫೋನಿನಲ್ಲಾದರೆ ನಾನು ಮಾತು ತಿರುಗಿಸಿ, ಕೊನೆಗೆ ನಾನೇ ಒಳ್ಳೆಯವಳಾಗಿಬಿಡುತ್ತೇನೆ. ಇದನ್ನು ನಿನಗೆ ಓದಿ ಹೇಳುವವಳು ಸೊಸೆ ಬಸವೇಶ್ವರಿ ಎಂಬುದು ಗೊತ್ತು. ಅವಳೂ ಕೇಳಲಿ.

ಹದಿನೈದು ದಿನದ ಹಿಂದೆ ನಿನ್ನ ಮಗ ವಿಜಯಮಹಾಂತೇಶ ಬಾಗಿಲಲ್ಲೇ ನಿಂತು, ನನ್ನ ಗಂಜಿಯ ಡಬ್ಬಿ ತೊಳೆದು ಕೈಗಿಟ್ಟ. "ಸಿಸ್ಟರ್, ನಾಳಿಂದ ಬರೂದು ಬ್ಯಾಡ್ರಿ" ಎಂದ. ಚಡ್ಡಿ ಹಾಕುವ ವಯಸ್ಸಿನಿಂದ ನನ್ನನ್ನು ಚಿಗವ್ವಾ ಎಂದವನು! ದವಾಖಾನೆಯಲ್ಲಿ ಮೂವತ್ತು ವರ್ಷ ಎಲ್ಲರಿಂದಲೂ ಸಿಸ್ಟರ್ ಎನಿಸಿಕೊಂಡಿದ್ದೇನೆ, ಒಮ್ಮೆಯೂ ಹೀಗೆ ಚುಚ್ಚಿರಲಿಲ್ಲ. ಅವನದೇನೂ ತಪ್ಪಿಲ್ಲ. ನಮ್ಮ ಚರ್ಚಿನ ಸಭೆಯವರೊಬ್ಬರು ಅವನ ಸೀರೆ ಅಂಗಡಿಗೆ ಹೋಗಿ, ನಿಮ್ಮ ತಾಯಿ ಯೇಸುವಿನ ದಾರಿಗೆ ಬಂದರಂತೆ, ಭಾಳ ಸಂತೋಷ ಎಂದರಂತೆ. ಅದೂ ಗಿರಾಕಿಗಳೆದುರು. ಆ ಮಾತು ಹುಟ್ಟಿದ್ದು ನನ್ನ ಬಾಯಿಂದ.

ಅದರ ಹಿಂದಿನ ರವಿವಾರ ಬಾಗಲಕೋಟೆಯಿಂದ ನಾಲ್ವರು ಹೆಂಗಸರು ನಮ್ಮ ಚರ್ಚಿಗೆ ಬಂದಿದ್ದರು. ಶಿರೂರಿನಲ್ಲಿ ಮನೆಮನೆಗೆ ಹೋಗಿ ಸುವಾರ್ತೆ ಹೇಳಿದ್ದನ್ನು ಒಬ್ಬೊಬ್ಬರಾಗಿ ಎದ್ದು ಸಾಕ್ಷಿ ಹೇಳಿದರು. ಸಾಕ್ಷಿ ಎಂದರೆ ನಮ್ಮಲ್ಲಿ, ದೇವರು ತನ್ನ ಬಾಳಿನಲ್ಲಿ ಮಾಡಿದ್ದನ್ನು ಸಭೆಯೆದುರು ಹೇಳುವುದು. ನನಗೆ ಹೊಟ್ಟೆಕಿಚ್ಚು. ಸ್ತ್ರೀಯರ ಸಂಘದ ಅಧ್ಯಕ್ಷೆ ನಾನು, ಹೇಳಿಕೊಳ್ಳಲು ಒಂದು ಹೆಸರೂ ಇಲ್ಲವಲ್ಲ! ಎದ್ದೆ. "ನಮ್ಮ ಓಣಿ ಹಿಂದಿನ ಬಸಲಿಂಗವ್ವ ದಿನಾ ಮುಂಜಾನಿ ನನ್ನ ಕೈ ಹಿಡದು ಪ್ರಾರ್ಥನಿ ಮಾಡ್ತಾಳ್ರಿ, ಮನಸ್ಸು ತಿರುಗೇತ್ರಿ" ಎಂದೆ. ಜನ ಸ್ತೋತ್ರ ಎಂದರು, ಚಪ್ಪಾಳೆ ತಟ್ಟಿದರು. ನಾಚಿಕೆಗೆಟ್ಟವಳು ನಾನು, ಬಸಲಿಂಗವ್ವ, ನನಗೆ ಹಿತವಾಯಿತು.

ಖರೆ ಏನೆಂದು ನಿನಗೂ ನನಗೂ ಗೊತ್ತು. ಲಕ್ವಾ ಹೊಡೆದು ನಿನ್ನ ಎಡಗೈ ಬಿದ್ದುಹೋಯಿತು. ಇಷ್ಟಲಿಂಗ ಹಿಡಿಯುವ ಅಂಗೈಯೇ ನಿಲ್ಲದಾಯಿತು. ಮಗ ಅಂಗಡಿಗೆ, ಸೊಸೆ ಪಾಠ ಹೇಳಲು ಹುನಗುಂದದ ಸಾಲಿಗೆ ಹೋದ ಮೇಲೆ ಗಂಜಿ ಕುಡಿಸಲು ಬಂದ ನನಗೆ ನೀನೇ ಅಂದೆ: "ಪೂಜಿ ಆಗದ ಬಾಯಾಗ ನೀರ ಹಾಕೂದಿಲ್ಲ ನಾ. ನೀ ಬರೇ ಕೈಗೆ ಆಸರಾ ಕೊಡು. ಲಿಂಗ ನಂದು, ಪೂಜಿ ನಂದು. ನಿಮ್ಮ ದೇವರು ಸಿಟ್ಟಾದ್ರ ನನ್ನ ಹೆಸರ ಹೇಳು." ನಾನು ನಕ್ಕು, ನಿನ್ನ ಅಂಗೈ ಕೆಳಗೆ ನನ್ನ ಅಂಗೈ ಇಟ್ಟೆ. ನೀನು ಎರೆದ ನೀರು ಬೆರಳ ಸಂದಿಯಿಂದ ನನ್ನ ಕೈಗೆ ಇಳಿಯುತ್ತಿತ್ತು. ಎರಡು ತಿಂಗಳು ಹಾಗೇ ನಡೆಯಿತು. ಪ್ರಾರ್ಥನೆ ನಿನ್ನದು, ಕೈ ಹಿಡಿದವಳು ನಾನು. ಸಭೆಯಲ್ಲಿ ಅದನ್ನೇ ತಿರುಗುಮುರುಗು ಮಾಡಿ ಹೇಳಿದೆ.

ಎಲ್ಲ ನನ್ನ ಕೈಯಲ್ಲೇ ಇರಬೇಕು ಎನ್ನುವವಳು ನಾನು. ವಾರ್ಡಿನಲ್ಲಿ ಚಾದರ ಸುಕ್ಕಾದರೂ ಸಹಿಸುತ್ತಿರಲಿಲ್ಲ ಎಂದು ನೀನೇ ಆಡಿಕೊಳ್ಳುತ್ತಿದ್ದೆ. ದಿನಾ ಮೊಣಕಾಲೂರಿ, ತಂದೆಯೇ, ನಿನಗೆ ಬೇಕಾದ ಕಡೆ ನನ್ನನ್ನು ಕಳಿಸು ಎಂದು ಬೇಡುತ್ತೇನೆ. ಅವನು ಕಳಿಸಿದ್ದು ನಿನ್ನ ಅಂಗೈ ಕೆಳಗೆ. ನನಗೆ ಅದು ಸಾಲಲಿಲ್ಲ. ಯೇಸುವಿನ ವಿಷಯ ನಿನಗೆ ಹೇಳುವ ಆಸೆ ನನಗಿದೆ, ಮುಚ್ಚಿಡುವುದಿಲ್ಲ. ನೀನು ಕೇಳಿದರೆ ಇವತ್ತೂ ಹೇಳುತ್ತೇನೆ. ಆದರೆ ನಿನ್ನ ಮನಸ್ಸೇನು ನಾನು ತಿರುಗಿಸುವ ನಲ್ಲಿಯೇ? ಅದನ್ನು ದೇವರಿಗೂ ಬಿಡಲಿಲ್ಲ, ನಿನಗೂ ಬಿಡಲಿಲ್ಲ.

ಮೊನ್ನೆ ರವಿವಾರ ಅದೇ ಜಾಗದಲ್ಲಿ ಎದ್ದುನಿಂತು ಎಲ್ಲ ಹೇಳಿದೆ. ನಾನು ಸುಳ್ಳು ಹೇಳಿದ್ದೆ, ಬಸಲಿಂಗವ್ವ ತನ್ನ ಪೂಜೆ ಬಿಟ್ಟಿಲ್ಲ ಎಂದೆ. ಕಾಲು ನಡುಗಿದವು. ನಮ್ಮ ಸಭಾಪಾಲಕ ಪಾದ್ರಿಗಳು ನೆಲ ನೋಡಿದರು, ಚಪ್ಪಾಳೆ ತಟ್ಟಿದವರು ಮುಖ ತಿರುಗಿಸಿದರು. ಸಂಘದ ಕಪಾಟಿನ ಬೀಗದ ಕೈಯನ್ನು ಅಲ್ಲೇ ಕೊಟ್ಟುಬಿಟ್ಟೆ. ಈಗ ಮನಸ್ಸು ಹಗುರಾಗಿದೆ.

ಹೂವು ಕೊಡುವ ನರ್ಗೀಸ ನಿನ್ನೆ ಹೇಳಿದಳು: "ಅಕ್ಕಾರ, ಪೂಜಿಗೆ ದಿಂಬಿನ ಮ್ಯಾಲ ಇಟ್ರೂ ಅವ್ವಾರ ಕೈ ನಿಲ್ಲವಲ್ದ್ರಿ. ಮಧ್ಯಾಹ್ನ ಆದ್ರೂ ಬಾಯಾಗ ನೀರಿಲ್ಲ." ಸೋಮವಾರ ಮುಂಜಾನೆ ಬರಲೇ? ಒಂದು ಮಾತೂ ಆಡುವುದಿಲ್ಲ. ಕೈ ಇಟ್ಟು, ಗಂಜಿ ಕುಡಿಸಿ, ಬಂದ ದಾರಿಯಲ್ಲೇ ಹೊರಡುತ್ತೇನೆ. ಮಗನಿಗೆ ಇಷ್ಟವಿಲ್ಲದಿದ್ದರೆ ಅದನ್ನೂ ತಿಳಿಸು, ಬೇಜಾರಿಲ್ಲ.

ನಿನ್ನ ಹೆಸರು ಕೆಡಿಸಿದವಳು,
ಸಲೋಮಿ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮೊದಲು ಇನ್ನೊಮ್ಮೆ ಓದಿದೆ. ಬಸವೇಶ್ವರಿ, ಇದನ್ನು ಬಿಡದೆ ಓದು ಯವ್ವಾ. ಮೊನ್ನೆ ರವಿವಾರ ಎದ್ದುನಿಂತು ಹೇಳಿದೆ ಎಂದು ಬರೆದಿದ್ದೇನಲ್ಲ, ನಾನು ಹೇಳಿಲ್ಲ. ಸಾಕ್ಷಿ ಹೇಳುವವರು ಯಾರಾದರೂ ಇದ್ದೀರಾ ಎಂದು ಸಭಾಪಾಲಕರು ಕೇಳಿದಾಗ ಹಾಡಿನ ಪುಸ್ತಕದ ಹಾಳೆ ತಿರುವುತ್ತ ಕೂತೆ. ಕಾಲು ನಡುಗಿದ್ದು ಮಾತ್ರ ಖರೆ. ಬೀಗದ ಕೈ ಇಗೋ, ನನ್ನ ಸೊಂಟದಲ್ಲೇ ಇದೆ. ಈ ಹಾಳೆ ಹರಿದು ಬೇರೆ ಬರೆಯೋಣವೆಂದುಕೊಂಡೆ. ಬೇಡ, ನಾನು ಎಂಥವಳೆಂದು ನಿನಗೆ ಗೊತ್ತಿರಲಿ. ಈ ರವಿವಾರ ಹತ್ತು ಗಂಟೆಗೆ ವಿಜಯಮಹಾಂತೇಶನನ್ನು ಕಳಿಸು. ಒಳಗೆ ಬರುವುದು ಬೇಡ, ಚರ್ಚಿನ ಬಾಗಿಲ ಹತ್ತಿರ ನಿಂತರೂ ಸಾಕು, ಎಲ್ಲ ಕೇಳಿಸುತ್ತದೆ. ಅಂದೂ ನಾನು ಏಳದೆ ಕೂತರೆ, ಸೋಮವಾರ ಬಾಗಿಲು ತೆಗೆಯಬೇಡ.